ದಮ್ಮಿಗೆ ಹೊಸ ಸೂಜಿ, ಹಳೆಯ ಪಂಪು: ಸುದ್ದಿಯ ಹಿಂದಿರುವ ಸಂಶೋಧನೆ ಹೇಳುವುದೇನು?

ದಮ್ಮಿನ ಚಿಕಿತ್ಸೆಯ ಕುರಿತು ಇತ್ತೀಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಗೊಂದಲವಾಗುವುದು ಸಹಜ. 2024ರ ನವೆಂಬರಿನಲ್ಲಿ, ದಮ್ಮು ಏರಿದಾಗ ಕೊಡುವ ಚಿಕಿತ್ಸೆಯಲ್ಲಿ 50 ವರ್ಷಗಳ ಬಳಿಕ ಹೊಸ ಇಂಜೆಕ್ಷನ್ ಬಂದಿದೆ ಎಂಬ ಸುದ್ದಿ ಬ್ರಿಟನ್ನಿನಿಂದ ಬಂತು. ಅದಕ್ಕೂ ಮೊದಲಿನಿಂದಲೇ, ತಕ್ಷಣ ಆರಾಮ ಕೊಡುವ ನೀಲಿ ಪಂಪನ್ನು (ಬಾಯಿಂದ ಔಷಧ ಎಳೆದುಕೊಳ್ಳುವ ಇನ್ಹೇಲರ್) ಮಾತ್ರ ನೆಚ್ಚಿಕೊಂಡರೆ ಪ್ರಾಣಕ್ಕೆ ಅಪಾಯ ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು, ಆ ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಎಂಬ ಔಷಧದ ಮಾತ್ರೆ ಮತ್ತು ನೆಬ್ಯುಲೈಸರ್ ದ್ರಾವಣದ ಗರಿಷ್ಠ ಬೆಲೆಯನ್ನು ಶೇ 50ರಷ್ಟು ಏರಿಸಲು ಒಪ್ಪಿತು. 2025ರ ಸೆಪ್ಟೆಂಬರ್ 22ರಿಂದ ಮೆಪೊಲಿಝುಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ನಿನ ಮೇಲಿನ ಜಿಎಸ್‌ಟಿ ಶೂನ್ಯವಾಯಿತು. ಬಡವರು ನುಂಗುವ ಮಾತ್ರೆ ತುಟ್ಟಿಯಾಗಿ, ಕೆಲವರಿಗಷ್ಟೇ ಎಟುಕುವ ಇಂಜೆಕ್ಷನ್ ಸೋವಿಯಾದರೆ, ಚಿಕಿತ್ಸೆ ಯಾವ ದಿಕ್ಕಿಗೆ ಹೊರಟಿದೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಈ ಗೊಂದಲಕ್ಕೆ ಮತ್ತೊಂದು ಪದರವೂ ಇದೆ. ದಮ್ಮು ಹತ್ತಿದಾಗ ದವಾಖಾನೆಗೆ ಹೋಗಿ 'ಸೂಜಿ ಮಾಡಿಸಿಕೊಂಡು' ಬರುವುದು ಇಲ್ಲಿ ತಲೆಮಾರುಗಳ ರೂಢಿ. ಹೊಸ ಇಂಜೆಕ್ಷನ್ ಬಂದಿದೆ ಎಂದರೆ, ಈಗ ಮಾಡುತ್ತಿರುವ ಸೂಜಿಗಿಂತ ಜೋರಾದದ್ದು ಬಂದಿದೆ ಎಂದೇ ಅನೇಕರಿಗೆ ಕೇಳಿಸುತ್ತದೆ. ಎರಡಕ್ಕೂ ಸಿರಿಂಜು ಒಂದೇ ಎಂಬುದನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಆ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ದಮ್ಮು ಎಂಬ ಹೆಸರನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಒಂದು ಹೆಸರಿನ ಕೆಳಗೆ ಹಲವು ಕಾಯಿಲೆ

ಉಸಿರು ಕಟ್ಟುವ, ಎದೆ ಸುಂಯ್‌ಗುಟ್ಟುವ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವ ಎಲ್ಲ ಸ್ಥಿತಿಗೂ ನಮ್ಮಲ್ಲಿ ದಮ್ಮು ಎನ್ನುತ್ತಾರೆ. ವೈದ್ಯಶಾಸ್ತ್ರ ಇದರಲ್ಲಿ ಕನಿಷ್ಠ ಮೂರು ಕಾಯಿಲೆಗಳನ್ನು ಗುರುತಿಸುತ್ತದೆ. ಮೊದಲನೆಯದು ಅಸ್ತಮಾ. ಇದರಲ್ಲಿ ಶ್ವಾಸನಾಳದ ಒಳಗೋಡೆಯಲ್ಲಿ ಉರಿಯೂತವಿದ್ದು, ದೂಳು, ಪರಾಗ, ಶೀತ, ವೈರಸ್ ಸೋಂಕು ಮುಂತಾದವು ತಾಕಿದಾಗ ನಾಳ ಬಿಗಿಯುತ್ತದೆ, ಮತ್ತೆ ಸಡಿಲಾಗುತ್ತದೆ. ಎರಡನೆಯದು ಸಿಒಪಿಡಿ. ಹೊಗೆ ಮತ್ತು ದೂಳನ್ನು ಹಲವು ದಶಕ ಉಸಿರಾಡಿದ ಮೇಲೆ ನಾಳಗಳು ಕಿರಿದಾಗಿ, ಗಾಳಿಗೂಡುಗಳು ಹರಿದು, ಮತ್ತೆ ಮೊದಲಿನಂತೆ ಆಗದ ಸ್ಥಿತಿಯಿದು. ಮೂರನೆಯದು ಕ್ಷಯ ವಾಸಿಯಾದ ಬಳಿಕವೂ ಶ್ವಾಸಕೋಶದಲ್ಲಿ ಉಳಿಯುವ ಗಾಯದ ಪರಿಣಾಮ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರಾಗಿರುವುದರಿಂದ ಈ ಮೂರನೆಯ ಗುಂಪು ನಮ್ಮಲ್ಲಿ ಸಣ್ಣದಲ್ಲ.

2016ರ ಅಂಕಿಅಂಶ ಆಧರಿಸಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ 5.53 ಕೋಟಿ ಜನರಿಗೆ ಸಿಒಪಿಡಿ ಮತ್ತು 3.79 ಕೋಟಿ ಜನರಿಗೆ ಅಸ್ತಮಾ ಇತ್ತು. ಜಗತ್ತಿನ ಜನಸಂಖ್ಯೆಯಲ್ಲಿ ಭಾರತದ ಪಾಲು ಶೇ 18 ಇದ್ದರೆ, ದೀರ್ಘಕಾಲಿಕ ಉಸಿರಾಟದ ಕಾಯಿಲೆಗಳಿಂದ ಕಳೆದುಹೋಗುವ ಆರೋಗ್ಯವಂತ ವರ್ಷಗಳಲ್ಲಿ ನಮ್ಮ ಪಾಲು ಶೇ 32. ಇಷ್ಟು ದೊಡ್ಡ ಹೊರೆಯನ್ನು ಒಂದೇ ಹೆಸರಿನಿಂದ ಕರೆದು ಒಂದೇ ಸೂಜಿಯಿಂದ ಇಳಿಸಲು ಹೋಗುವುದರಿಂದಲೇ ತೊಂದರೆ ಆರಂಭವಾಗುತ್ತದೆ.

ಈ ಕಾಯಿಲೆಗಳನ್ನು ಬೇರ್ಪಡಿಸುವುದು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ, ಒಟ್ಟು ಎಷ್ಟು ಬರುತ್ತದೆ ಎಂದು ಯಂತ್ರ ಅಳೆಯುತ್ತದೆ. ನಂತರ ಪಂಪಿನ ಔಷಧ ಕೊಟ್ಟು ಕಾಲು ಗಂಟೆಯ ಬಳಿಕ ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನ ಗಾಳಿ ಶೇ 12ಕ್ಕೂ 200 ಮಿಲಿಲೀಟರಿಗೂ ಮೀರಿ ಹೆಚ್ಚಿದರೆ ನಾಳ ಸಡಿಲಗೊಳ್ಳಬಲ್ಲದು ಎಂದರ್ಥ. ಇದು ಅಸ್ತಮಾದತ್ತ ಬೆರಳು ತೋರುತ್ತದೆ. ಔಷಧದ ಬಳಿಕವೂ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ 70ಕ್ಕಿಂತ ಕೆಳಗೇ ಉಳಿದರೆ ಸಿಒಪಿಡಿಯ ಶಂಕೆ ಬಲವಾಗುತ್ತದೆ. ಎಕ್ಸ್-ರೇ ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಈ ವ್ಯತ್ಯಾಸವನ್ನು ಖಚಿತವಾಗಿ ಹೇಳಲು ಬರುವುದಿಲ್ಲ.

ನೀಲಿ ಪಂಪಿನ ಮೇಲೆ ಅನುಮಾನ ಏಕೆ ಬಂತು?

ಸಾಲ್ಬುಟಮಾಲ್ 1969ರಲ್ಲಿ ಬಳಕೆಗೆ ಬಂದ ಔಷಧ. ನಾಳದ ಸುತ್ತಲಿನ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ. ಆದರೆ ನಾಳದೊಳಗಿನ ಉರಿಯೂತವನ್ನು ಅದು ಮುಟ್ಟುವುದೇ ಇಲ್ಲ. ಹೀಗಾಗಿ ರೋಗಿಗೆ ಆರಾಮ ಸಿಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಒಂದು ದಿನ ಊತ ಮತ್ತು ಕಫದಿಂದ ನಾಳ ಪೂರ್ತಿ ಮುಚ್ಚಿಕೊಂಡಾಗ, ಅಷ್ಟು ದಿನ ಕೈಹಿಡಿದ ಪಂಪು ಅಂದು ಕೈಕೊಡುತ್ತದೆ.

ಈ ಅಪಾಯ ಊಹೆಯಿಂದ ಹುಟ್ಟಿದ್ದಲ್ಲ. ನ್ಯೂಜಿಲೆಂಡಿನಲ್ಲಿ 1976ರಲ್ಲಿ ಫೆನೊಟೆರಾಲ್ ಎಂಬ, ಇದೇ ಬಗೆಯ ಆದರೆ ಪ್ರಬಲವಾದ ಪಂಪು ಬಂದ ಬೆನ್ನಲ್ಲೇ ಅಸ್ತಮಾ ಸಾವುಗಳು ಹಠಾತ್ತನೆ ಏರಿದವು. 1989ರಲ್ಲಿ ಪ್ರಕಟವಾದ ಅಧ್ಯಯನ ಆ ಎರಡರ ನಂಟನ್ನು ತೋರಿಸಿತು. ಔಷಧದ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವುಗಳು ಇಳಿದವು. 2014ರಲ್ಲಿ ಬ್ರಿಟನ್ ತನ್ನಲ್ಲಿನ ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಚೀಟಿಯ ದಾಖಲೆ ಸಿಕ್ಕ 165 ಜನರಲ್ಲಿ 65 ಮಂದಿಗೆ ಸಾವಿನ ಹಿಂದಿನ ಒಂದು ವರ್ಷದಲ್ಲಿ 12ಕ್ಕೂ ಹೆಚ್ಚು ಆರಾಮದ ಪಂಪುಗಳನ್ನು ಬರೆದುಕೊಡಲಾಗಿತ್ತು ಎಂಬುದು ಗೊತ್ತಾಯಿತು. ಈಗಿನ ಮಾರ್ಗಸೂಚಿಯ ಲೆಕ್ಕ ಹೀಗಿದೆ: 200 ಡೋಸಿನ ಪಂಪು ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ತೀವ್ರವಾಗಿ ದಮ್ಮು ಏರುವ ಸಂಭವ ಹೆಚ್ಚು, ಹನ್ನೆರಡು ಮುಟ್ಟಿದರೆ ಸಾವಿನ ಅಪಾಯ ಹೆಚ್ಚು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಪಂಪು ಕೊಳ್ಳುವ ಕಡೆಗಳಲ್ಲಿ ಈ ಲೆಕ್ಕ ಇಡುವವರೇ ಇರುವುದಿಲ್ಲ.

ಹಾಗಾದರೆ ಬದಲಿ ಏನು? ಉರಿಯೂತ ಇಳಿಸುವ ಬುಡೆಸೊನೈಡ್ ಎಂಬ ಸ್ಟೀರಾಯ್ಡನ್ನು, ಬೇಗ ಕೆಲಸ ಆರಂಭಿಸಿ 12 ಗಂಟೆ ಉಳಿಯುವ ಫಾರ್ಮೊಟೆರಾಲ್ ಜೊತೆ ಒಂದೇ ಪಂಪಿನಲ್ಲಿ ಕೊಡುವುದು. ಸೌಮ್ಯ ಅಸ್ತಮಾ ಇರುವವರು ಇದನ್ನು ಬೇಕಾದಾಗಲಷ್ಟೇ ಎಳೆದುಕೊಂಡರೂ, ಆರಾಮ ಬೇಕೆಂದಾಗಲೆಲ್ಲ ಉರಿಯೂತದ ಔಷಧವೂ ಒಳಗೆ ಹೋಗುತ್ತದೆ. 2018ರಲ್ಲಿ ಪ್ರಕಟವಾದ ಸಿಗ್ಮಾ-1 ಪ್ರಯೋಗದಲ್ಲಿ, ಬರೀ ಆರಾಮದ ಪಂಪು ಬಳಸಿದವರಿಗಿಂತ ಈ ಜೋಡಿ ಪಂಪು ಬಳಸಿದವರಲ್ಲಿ ತೀವ್ರ ದಮ್ಮಿನ ಪ್ರಸಂಗಗಳು ಶೇ 64ರಷ್ಟು ಕಡಿಮೆಯಾದವು. ಜೊತೆಗೇ ನಡೆದ ಸಿಗ್ಮಾ-2ರಲ್ಲಿ, ದಿನನಿತ್ಯ ಸ್ಟೀರಾಯ್ಡ್ ಪಂಪು ಬಳಸಿದವರಷ್ಟೇ ರಕ್ಷಣೆ ಸುಮಾರು ಕಾಲುಭಾಗ ಸ್ಟೀರಾಯ್ಡಿನಿಂದಲೇ ಸಿಕ್ಕಿತು. ಇವುಗಳ ಆಧಾರದ ಮೇಲೆ ಅಸ್ತಮಾದ ಜಾಗತಿಕ ಮಾರ್ಗಸೂಚಿಯಾದ ಜೀನಾ, 2019ರಲ್ಲಿ ವಯಸ್ಕರಿಗೂ ಹರೆಯದವರಿಗೂ ಬರೀ ಆರಾಮದ ಪಂಪಿನ ಚಿಕಿತ್ಸೆ ಬೇಡ ಎಂದು ಹೇಳಿತು. 2025ರಲ್ಲಿ ನ್ಯೂಜಿಲೆಂಡಿನ 5ರಿಂದ 15 ವರ್ಷದ ಮಕ್ಕಳಲ್ಲಿ ನಡೆದ ಪ್ರಯೋಗವೂ ಇದೇ ಜೋಡಿ ಪಂಪಿನಿಂದ ದಮ್ಮಿನ ಪ್ರಸಂಗಗಳು ಶೇ 45ರಷ್ಟು ಇಳಿದದ್ದನ್ನು ಕಂಡಿತು.

ಒಪ್ಪದವರ ವಾದ

ಈ ಬದಲಾವಣೆಯನ್ನು ಎಲ್ಲ ವೈದ್ಯರೂ ಒಂದೇ ಸಮನೆ ಸ್ವಾಗತಿಸಿಲ್ಲ, ಮತ್ತು ಅವರ ವಾದದಲ್ಲಿ ತೂಕವಿದೆ. ಜೋಡಿ ಪಂಪು ನೀಲಿ ಪಂಪಿಗಿಂತ ತುಟ್ಟಿ. ಕೂಲಿಯಿಂದ ಬದುಕುವ ಮನೆಯಲ್ಲಿ, 'ನೀಲಿ ಪಂಪು ಅಪಾಯ' ಎಂಬ ಮಾತು ಕೇಳಿ ಅದನ್ನೂ ಬಿಟ್ಟು, ತುಟ್ಟಿಯಾದದ್ದನ್ನು ಕೊಳ್ಳಲೂ ಆಗದೆ, ಮಾತ್ರೆಗೋ ಸೂಜಿಗೋ ಮರಳಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ದಮ್ಮು ಏರಿದ ರಾತ್ರಿ ಕೈಯಲ್ಲಿ ಸಾಲ್ಬುಟಮಾಲ್ ಇರುವುದು ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಸಿಒಪಿಡಿ ಇರುವವರಿಗೆ ಜೀನಾದ ಈ ಸಲಹೆ ಅನ್ವಯಿಸುವುದೂ ಇಲ್ಲ. ಅವರಲ್ಲಿ ಸ್ಟೀರಾಯ್ಡ್ ಪಂಪು ಎಲ್ಲರಿಗೂ ಬೇಕಿಲ್ಲ, ಕೆಲವರಲ್ಲಿ ಅದು ನ್ಯುಮೋನಿಯಾದ ಸಂಭವವನ್ನು ಹೆಚ್ಚಿಸುತ್ತದೆ.

ಇನ್ನೊಂದು ತೊಡಕು ಔಷಧದ ಹೆಸರಿನಲ್ಲೇ ಇದೆ. ಜೋಡಿ ಪಂಪುಗಳೆಲ್ಲ ಒಂದೇ ಅಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಸಾಲ್ಮೆಟೆರಾಲ್-ಫ್ಲುಟಿಕಸೋನ್ ಜೋಡಿಯನ್ನು ದಿನಕ್ಕೆರಡು ಬಾರಿ ತಪ್ಪದೆ ಬಳಸಬೇಕು. ಸಾಲ್ಮೆಟೆರಾಲ್ ನಿಧಾನವಾಗಿ ಕೆಲಸ ಮಾಡುವುದರಿಂದ ದಮ್ಮು ಏರಿದಾಗ ಅದನ್ನು ಎಳೆದುಕೊಂಡರೆ ಪ್ರಯೋಜನವಿಲ್ಲ. 'ಜೋಡಿ ಪಂಪು ಬೇಕಾದಾಗ ಬಳಸಿ' ಎಂಬ ಅರ್ಧ ಸುದ್ದಿ ಇಂಥವರನ್ನು ತಪ್ಪು ದಾರಿಗೆ ಎಳೆಯಬಲ್ಲದು.

ಹಾಗಿದ್ದರೂ, ಪಂಪಿನ ಅಭ್ಯಾಸ ಹತ್ತಿದರೆ ಬಿಡುವುದಿಲ್ಲ ಎಂಬ ಭಯ ಮಾತ್ರ ಆಧಾರವಿಲ್ಲದ್ದು. ಅದನ್ನು ಸ್ಪಷ್ಟವಾಗಿ ಹೇಳಬೇಕು. ಸಾಲ್ಬುಟಮಾಲ್ ಮಾತ್ರೆಯಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ ಔಷಧವಿರುತ್ತದೆ. ಪಂಪಿನ ಎರಡು ಎಳೆತದಲ್ಲಿ ಇರುವುದು 200 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ಮಾತ್ರೆಯ ಔಷಧ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಇಡೀ ಮೈಗೆ ಹರಡಿ ಎದೆ ಬಡಿತ, ಕೈ ನಡುಕ ತರುತ್ತದೆ. ಪಂಪಿನದು ಬೇಕಾದ ಜಾಗಕ್ಕೇ ಹೋಗುತ್ತದೆ. ಜನ ಸೌಮ್ಯವೆಂದು ನಂಬಿರುವ ಮಾತ್ರೆಯೇ ಮೈಗೆ ಭಾರ.

ಹೊಸ ಸೂಜಿ ಯಾರಿಗೆ?

ಈಗ ಇಂಜೆಕ್ಷನ್ನಿನ ಸುದ್ದಿಗೆ ಬರೋಣ. ದವಾಖಾನೆಗಳಲ್ಲಿ ದಮ್ಮಿಗೆಂದು ರೂಢಿಯಾಗಿ ಕೊಡುವ ಸೂಜಿಗಳಲ್ಲಿ ಸಾಮಾನ್ಯವಾಗಿ ಇರುವುದು ಥಿಯೋಫಿಲಿನ್ ವರ್ಗದ ಔಷಧ ಅಥವಾ ಸ್ಟೀರಾಯ್ಡ್. ತೀವ್ರವಾಗಿ ದಮ್ಮು ಏರಿದಾಗ ಸ್ಟೀರಾಯ್ಡ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿಂದ ಮೇಲೆ ಪಡೆದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯ ಸಂಭವ ಹೆಚ್ಚುತ್ತದೆ. ಜೀವಮಾನದಲ್ಲಿ ನಾಲ್ಕೈದು ಬಾರಿ ಸ್ಟೀರಾಯ್ಡ್ ಮಾತ್ರೆಯ ಚಿಕಿತ್ಸೆ ಪಡೆದರೂ ಈ ಅಪಾಯ ಏರುತ್ತದೆ ಎಂದು ಜೀನಾ ಎಚ್ಚರಿಸುತ್ತದೆ. ಹಂಗಾಮಿಗೊಮ್ಮೆ ಸೂಜಿ ಮಾಡಿಸಿಕೊಳ್ಳುವವರು ಈ ಸಂಖ್ಯೆಯನ್ನು ಎರಡೇ ವರ್ಷದಲ್ಲಿ ದಾಟುತ್ತಾರೆ.

ಹೊಸ ಇಂಜೆಕ್ಷನ್ನುಗಳು ಬೇರೆ ಜಾತಿಯವು. ಅವು ಪ್ರಯೋಗಾಲಯದಲ್ಲಿ ತಯಾರಾದ ಪ್ರತಿಕಾಯಗಳು. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣವನ್ನೋ, ಅದನ್ನು ಕೆರಳಿಸುವ ರಾಸಾಯನಿಕ ಸಂದೇಶವನ್ನೋ ಗುರಿಯಿಟ್ಟು ತಡೆಯುತ್ತವೆ. 2024ರ ನವೆಂಬರಿನ ಸುದ್ದಿಗೆ ಕಾರಣವಾದ ಅಬ್ರಾ ಪ್ರಯೋಗದಲ್ಲಿ ಇದ್ದವರು 158 ರೋಗಿಗಳು. ಕಾಯಿಲೆ ಉಲ್ಬಣಿಸಿದ ಹೊತ್ತಿನಲ್ಲಿ ರಕ್ತದ ಪ್ರತಿ ಮೈಕ್ರೋಲೀಟರಿನಲ್ಲಿ 300 ಅಥವಾ ಅದಕ್ಕಿಂತ ಹೆಚ್ಚು ಇಯೋಸಿನೋಫಿಲ್ ಇದ್ದವರನ್ನಷ್ಟೇ ಸೇರಿಸಿಕೊಂಡಿದ್ದರು. ಸ್ಟೀರಾಯ್ಡ್ ಮಾತ್ರೆ ಮಾತ್ರ ಪಡೆದವರಲ್ಲಿ 90 ದಿನಗಳೊಳಗೆ ಶೇ 74ರಷ್ಟು ಜನರಿಗೆ ಚಿಕಿತ್ಸೆ ವಿಫಲವಾಯಿತು. ಬೆನ್ರಾಲಿಝುಮ್ಯಾಬ್ ಇಂಜೆಕ್ಷನ್ ಪಡೆದ ಗುಂಪುಗಳಲ್ಲಿ ಅದು ಶೇ 45. ಇದು ದೊಡ್ಡ ವ್ಯತ್ಯಾಸವೇ. ಆದರೆ ಇದು ಎರಡನೆಯ ಹಂತದ ಸಣ್ಣ ಪ್ರಯೋಗ, ಮತ್ತು ಇಂಜೆಕ್ಷನ್ ಪಡೆದವರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಅದು ಸಾಲಲಿಲ್ಲ ಎಂಬುದು ತಲೆಬರಹದಲ್ಲಿ ಕಾಣಲಿಲ್ಲ.

ಸಿಒಪಿಡಿಗೆ ಬಂದರೆ, ಡುಪಿಲುಮ್ಯಾಬ್ ಎರಡು ದೊಡ್ಡ ಪ್ರಯೋಗಗಳಲ್ಲಿ ಕಾಯಿಲೆ ಉಲ್ಬಣಿಸುವ ಪ್ರಸಂಗಗಳನ್ನು ಶೇ 30 ಮತ್ತು ಶೇ 34ರಷ್ಟು ತಗ್ಗಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಅದಕ್ಕೂ, 2025ರ ಮೇ ತಿಂಗಳಲ್ಲಿ ಮೆಪೊಲಿಝುಮ್ಯಾಬಿಗೂ ಈ ಕಾಯಿಲೆಯಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಎರಡೂ ಇಯೋಸಿನೋಫಿಲ್ ಹೆಚ್ಚಿರುವವರಿಗೆ, ಪಂಪುಗಳನ್ನೆಲ್ಲ ಸರಿಯಾಗಿ ಬಳಸಿಯೂ ಕಾಯಿಲೆ ಹತೋಟಿಗೆ ಬಾರದವರಿಗೆ. ಪಂಪಿನ ಬದಲಿಗೆ ಕೊಡುವುದಲ್ಲ, ಪಂಪಿನ ಜೊತೆಗೆ ಕೊಡುವುದು. ಒಂದೊಂದು ಡೋಸಿಗೆ ಹತ್ತಾರು ಸಾವಿರ ರೂಪಾಯಿ ತಗಲುವಾಗ ಜಿಎಸ್‌ಟಿ ತೆಗೆದದ್ದರಿಂದ ಸಾಮಾನ್ಯ ಕುಟುಂಬದ ಲೆಕ್ಕಾಚಾರ ಹೆಚ್ಚು ಬದಲಾಗುವುದಿಲ್ಲ.

ನಮ್ಮ ರಕ್ತ, ನಮ್ಮ ಒಲೆ

ಈ ಪ್ರಯೋಗಗಳ ಫಲವನ್ನು ನಮ್ಮ ಊರಿಗೆ ನೇರವಾಗಿ ತರಲು ಎರಡು ಅಡ್ಡಿಗಳಿವೆ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಇಲ್ಲಿದೆ.

ಮೊದಲನೆಯದು ಇಯೋಸಿನೋಫಿಲ್. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರಿಗೆ ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಈ ಕಣ ಏರುತ್ತದೆ. ಆನೆಕಾಲು ರೋಗದ ಹುಳುವಿಗೆ ಮೈ ತೋರುವ ಪ್ರತಿಕ್ರಿಯೆಯಿಂದ ಬರುವ ಒಂದು ಬಗೆಯ ಶ್ವಾಸಕೋಶದ ಕಾಯಿಲೆಯಲ್ಲಿ ಅದು ಸಾವಿರಗಳನ್ನು ದಾಟಿ, ರಾತ್ರಿಯ ಕೆಮ್ಮು ಮತ್ತು ಸುಂಯ್‌ಗುಟ್ಟುವಿಕೆಯಿಂದ ಥೇಟ್ ಅಸ್ತಮಾದಂತೆ ಕಾಣುತ್ತದೆ. ಅದಕ್ಕೆ ಬೇಕಾದ ಮಾತ್ರೆ ತೀರ ಅಗ್ಗದ್ದು. ಯುರೋಪಿನ ಪ್ರಯೋಗದಲ್ಲಿ 300 ಎಂಬ ಅಂಕೆಗೆ ಇರುವ ಅರ್ಥ, ಹುಳುವಿನ ಔಷಧ ಪಡೆಯದ ರೋಗಿಯ ರಕ್ತದ ವರದಿಯಲ್ಲಿ ಹಾಗೆಯೇ ಉಳಿಯುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ಡುಪಿಲುಮ್ಯಾಬಿನ ಸಿಒಪಿಡಿ ಪ್ರಯೋಗಗಳಿಗೆ ಸೇರಲು ಒಂದು ಷರತ್ತು ಇತ್ತು: ದಿನಕ್ಕೊಂದು ಪ್ಯಾಕಿನ ಲೆಕ್ಕದಲ್ಲಿ ಕನಿಷ್ಠ ಹತ್ತು ವರ್ಷದಷ್ಟು ಸಿಗರೇಟು ಸೇದಿರಬೇಕು. ಹಾವೇರಿ, ಗದಗ ಜಿಲ್ಲೆಯ ಹಳ್ಳಿಯಲ್ಲಿ ನಲವತ್ತು ವರ್ಷ ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕುಳ್ಳು ಉರಿಸಿ ರೊಟ್ಟಿ ಬಡಿದು, ಒಮ್ಮೆಯೂ ಬೀಡಿ ಮುಟ್ಟದ ಹೆಂಗಸಿಗೆ ಆ ಪ್ರಯೋಗದಲ್ಲಿ ಜಾಗವೇ ಇರಲಿಲ್ಲ. ಸಿಒಪಿಡಿ ಇರುವವರಲ್ಲಿ ಶೇ 25ರಿಂದ 45ರಷ್ಟು ಜನ ಎಂದೂ ಧೂಮಪಾನ ಮಾಡಿದವರಲ್ಲ ಎಂದು 2009ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಸಂದೀಪ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ ಅಂದಾಜಿಸಿದ್ದರು. ಹದಿನೈದು ವರ್ಷ ಕಳೆದ ಮೇಲೂ ದೊಡ್ಡ ಔಷಧಗಳ ಪ್ರಯೋಗ ಆ ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿರುವುದು ನೋವಿನ ಸಂಗತಿ.

ದೂಳಿನ ವಿಷಯವೂ ಒಂದೇ ಬಗೆಯದಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದದ್ದು. ಆದರೂ ಹಂಗಾಮಿನಲ್ಲಿ ತೊಟ್ಟು ಬಿಡಿಸಲು ಕೂಡುವ ಹೆಂಗಸರ ಕೆಮ್ಮು ನಿಲ್ಲುವುದಿಲ್ಲ. ಮೆಣಸಿನ ಕ್ಯಾಪ್ಸೈಸಿನ್ ನರಗಳ ತುದಿಯಲ್ಲಿರುವ ಒಂದು ಗ್ರಾಹಕವನ್ನು ಕೆರಳಿಸುವುದರಿಂದ ಈ ಕೆಮ್ಮು ಬರುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಡೆದವರಲ್ಲಿ ಒಬ್ಬರು. ಈ ಕೆಮ್ಮು ಅಸ್ತಮಾ ಆಗಿರಲೇಬೇಕೆಂದಿಲ್ಲ, ಆಗಿರಲೂಬಹುದು. ಹತ್ತಿ ಜಿನ್ನಿಂಗಿನ ದೂಳಿನಿಂದ ಬರುವ ಕಾಯಿಲೆಯದು ಬೇರೆಯೇ ಲಕ್ಷಣ: ರಜೆಯ ಮರುದಿನ ಕೆಲಸಕ್ಕೆ ಮರಳಿದಾಗ ಎದೆ ಬಿಗಿದು, ವಾರ ಕಳೆದಂತೆ ತುಸು ಇಳಿಯುತ್ತದೆ. ರಸ್ತೆಬದಿಯ ಕಾಂಗ್ರೆಸ್ ಕಸದ ಪರಾಗದಿಂದ ಬರುವ ಸೀನು, ಉಬ್ಬಸ ಮತ್ತೊಂದು ಬಗೆ. ಸಾಲದೆಂಬಂತೆ, ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗಾಳಿಯ ಗುಣಮಟ್ಟ ಕಾಯ್ದುಕೊಳ್ಳಲಾಗದ ನಗರಗಳೆಂದು ಪಟ್ಟಿ ಮಾಡಿದ ಕರ್ನಾಟಕದ ನಾಲ್ಕರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಊದುವ ಪರೀಕ್ಷೆಯಿಲ್ಲದೆ, ಉದ್ಯೋಗ ಯಾವುದೆಂದು ಕೇಳದೆ ಇವನ್ನೆಲ್ಲ ದಮ್ಮು ಎಂದು ಬರೆದರೆ ಯಾವ ಔಷಧವೂ ಗುರಿ ತಲುಪುವುದಿಲ್ಲ.

ಹೊಗೆ ಕಡಿಮೆಯಾದರೆ ಫಲ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನೆ ಮಿಶ್ರ ಉತ್ತರ ಕೊಟ್ಟಿದೆ. ಭಾರತವೂ ಸೇರಿ ನಾಲ್ಕು ದೇಶಗಳ 3,200 ಗರ್ಭಿಣಿಯರಲ್ಲಿ ನಡೆದ ಹಪಿನ್ ಪ್ರಯೋಗದಲ್ಲಿ ಉಚಿತ ಗ್ಯಾಸಿನಿಂದ ಹೊಗೆಯ ಪ್ರಮಾಣ ಇಳಿದರೂ ಕೂಸುಗಳ ನ್ಯುಮೋನಿಯಾ ಗಣನೀಯವಾಗಿ ಇಳಿಯಲಿಲ್ಲ. ಆದರೆ ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಒಂಬತ್ತು ವರ್ಷ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುದ್ಧ ಇಂಧನ ಮತ್ತು ಅಡುಗೆಮನೆಯಿಂದ ಹೊಗೆ ಹೊರಹೋಗುವ ವ್ಯವಸ್ಥೆ ಎರಡನ್ನೂ ಮಾಡಿಕೊಂಡವರ ಶ್ವಾಸಕೋಶದ ಶಕ್ತಿ ಕುಂದುವ ವೇಗ ನಿಧಾನವಾಯಿತು. ದಶಕಗಳಲ್ಲಿ ಕಟ್ಟಿದ ಕಾಯಿಲೆಗೆ ದಶಕಗಳ ಲೆಕ್ಕವೇ ಬೇಕು. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲ ಯೋಜನೆಯ ಫಲವನ್ನು ಶ್ವಾಸಕೋಶದಲ್ಲಿ ಅಳೆಯುವ ಕಾಲ ಈಗಷ್ಟೇ ಬರುತ್ತಿದೆ. ಅದೂ ಸಿಲಿಂಡರು ಖಾಲಿಯಾದಾಗ ಮತ್ತೆ ತುಂಬಿಸುವ ಶಕ್ತಿ ಆ ಮನೆಗೆ ಇದ್ದರೆ.

ಮುಂದೆ ಆಗಬಹುದಾದದ್ದು

ಕಾಗದದ ಮೇಲಿನ ಸಿದ್ಧತೆ ಕಡಿಮೆಯೇನಿಲ್ಲ. ಬುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಭಾರತದ 2022ರ ಪಟ್ಟಿಯಲ್ಲೂ ಇದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 2023ರಲ್ಲಿ ವಿಸ್ತರಿಸಿದಾಗ ಸಿಒಪಿಡಿ ಮತ್ತು ಅಸ್ತಮಾ ಅದರೊಳಗೆ ಬಂದವು. ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳ ಮಾತ್ರೆ ಕೊಡುವ ಆರೋಗ್ಯ ಕೇಂದ್ರವೇ ಇನ್ನು ಮುಂದೆ ತಿಂಗಳ ಪಂಪನ್ನೂ ಕೊಡಬಹುದು ಎಂಬುದು ಅದರ ತಾತ್ಪರ್ಯ.

ಇದು ನಡೆದರೆ ಆರಂಭದಲ್ಲಿ ಖರ್ಚು ಏರುತ್ತದೆ, ಏಕೆಂದರೆ ಈಗ ಸೂಜಿಯಿಂದ ಸೂಜಿಗೆ ದಿನ ದೂಡುತ್ತಿರುವವರೂ ಪಂಪಿನ ಲೆಕ್ಕಕ್ಕೆ ಬರುತ್ತಾರೆ. ಆಸ್ಪತ್ರೆಗೆ ಸೇರುವವರ ಸಂಖ್ಯೆ ಇಳಿದು ಆ ಖರ್ಚು ಮರಳುವುದಕ್ಕೆ ಕೆಲವು ವರ್ಷ ಬೇಕು. ಆ ನಡುವಿನ ಅವಧಿಯಲ್ಲಿ ಅನುದಾನ ನಿಂತರೆ ಕಾರ್ಯಕ್ರಮವೇ ನಿಲ್ಲುತ್ತದೆ. ನಡೆಯದಿದ್ದರೆ ಹೊಸ ಇಂಜೆಕ್ಷನ್ ಹುಬ್ಬಳ್ಳಿಯಂಥ ನಗರದ ಕೆಲವು ಆಸ್ಪತ್ರೆಗಳಲ್ಲಿ ಕೆಲವರಿಗೆ ಸಿಗುತ್ತದೆ. ರೋಣ, ಶಿರಹಟ್ಟಿ, ಹಾನಗಲ್ಲಿನ ಕಡೆಯ ರೋಗಿಗೆ ಸಾಲ್ಬುಟಮಾಲ್ ಮಾತ್ರೆಯೇ ಗತಿಯಾಗುತ್ತದೆ, ಅದರ ಗರಿಷ್ಠ ಬೆಲೆಯೂ ಏರಿದೆ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಗೊಂದು ಊದುವ ಯಂತ್ರ, ಅದನ್ನು ಸರಿಯಾಗಿ ಊದಿಸಬಲ್ಲ ಒಬ್ಬ ತಂತ್ರಜ್ಞ, ಮತ್ತು ಪಂಪು ಹೇಗೆ ಎಳೆದುಕೊಳ್ಳಬೇಕೆಂದು ಕೈಹಿಡಿದು ತೋರಿಸಲು ಐದು ನಿಮಿಷ ಬಿಡುವಿರುವ ಒಬ್ಬ ನರ್ಸ್, ಇವು ಇಂಜೆಕ್ಷನ್ನಿಗಿಂತ ಮೊದಲು ಬರಬೇಕು. ಸರ್ಕಾರಿ ಖರೀದಿಯ ಪಟ್ಟಿಯಲ್ಲಿ ಜೋಡಿ ಪಂಪು ಎಂದಷ್ಟೇ ಇದೆಯೋ, ಫಾರ್ಮೊಟೆರಾಲ್ ಇರುವ ಜೋಡಿ ಎಂದು ಬಿಡಿಸಿ ಬರೆದಿದೆಯೋ ಎಂಬುದನ್ನು ಜಿಲ್ಲಾ ಮಟ್ಟದಲ್ಲಿಯೇ ಕೇಳಿ ನೋಡಬೇಕು. ಆ ಒಂದು ಪದದ ಮೇಲೆ, ನಡುರಾತ್ರಿ ದಮ್ಮು ಏರಿದವರ ಕೈಯಲ್ಲಿರುವ ಪಂಪು ಮೂರು ನಿಮಿಷದಲ್ಲಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ನಿಂತಿದೆ.